ದಾರಿ ಬಿಡಿಸಿದ ಹಿರಿಯ: ಮೇಜರ್ ರಾಮಾ ರಾಘೋಬಾ ರಾಣೆ

(ಉತ್ಸವದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಉತ್ಸವದ ಸಭೆಯಲ್ಲಿ ದೇವರ ಮಹಿಮೆಯನ್ನೋ ಸಂತರ ಚರಿತ್ರೆಯನ್ನೋ ಹೇಳುವುದು ವಾಡಿಕೆ. ಇವತ್ತಿನ ಮಾತು ಒಬ್ಬ ಸೈನಿಕರದು. ಅವರು ಮಠಾಧಿಪತಿಗಳಲ್ಲ, ಕೀರ್ತನಕಾರರಲ್ಲ, ದೊಡ್ಡ ಮನೆತನದವರೂ ಅಲ್ಲ. ಕಾರವಾರ ತಾಲೂಕಿನ ಚೆಂಡಿಯಾದವರು. ಪೊಲೀಸ್ ಪೇದೆಯೊಬ್ಬರ ಮಗ. ಸಾದಾ ಸಿಪಾಯಿಯಾಗಿ ಸೈನ್ಯ ಸೇರಿ ಮೇಜರ್ ಆಗಿ ಹೊರಬಂದವರು. ಹೆಸರು ರಾಮಾ ರಾಘೋಬಾ ರಾಣೆ. ಭಾರತ ಸರಕಾರ ಕೊಡುವ ಅತಿ ದೊಡ್ಡ ಶೌರ್ಯ ಪದಕವಾದ ಪರಮವೀರ ಚಕ್ರವನ್ನು ಪಡೆದವರು.

ಕಾರವಾರ, ಅಂಕೋಲಾ ಕಡೆಯಿಂದ ಬಂದು ವಾಸ್ಕೋದಲ್ಲಿ ನೆಲೆನಿಂತ ಮನೆಗಳಲ್ಲಿ ಹಿರಿಯ ಗಂಡಸರನ್ನು ಕಾಕಾ ಎಂದೋ ಮಾಮಾ ಎಂದೋ ಕರೆಯುವುದುಂಟು. ಹುಬ್ಬಳ್ಳಿ, ಗದಗ, ವಿಜಯಪುರ ಕಡೆಯವರಲ್ಲೂ ಕಾಕಾ ಇದ್ದೇ ಇದೆ. ಅದಕ್ಕೆ ರಕ್ತಸಂಬಂಧವೇ ಬೇಕೆಂದಿಲ್ಲ, ವಯಸ್ಸು ಮತ್ತು ವಿಶ್ವಾಸ ಇದ್ದರೆ ಸಾಕು. ಆ ಅರ್ಥದಲ್ಲಿ ರಾಣೆಯವರು ಕಾಳಿ ನದಿಯ ಆಚೆ ಈಚೆ ಇರುವ ಎಲ್ಲರಿಗೂ ಕಾಕಾ. ಕಾರವಾರಕ್ಕೆ ಹೋಗಿಬರುವ ಎಷ್ಟೋ ಜನ ಕಡಲ ದಂಡೆಯಲ್ಲಿ ಅವರ ಪ್ರತಿಮೆಯನ್ನು ನೋಡಿರುತ್ತಾರೆ. ಮಕ್ಕಳು ಅದರ ಮುಂದೆ ಫೋಟೋ ತೆಗೆಸಿಕೊಂಡಿರುತ್ತಾರೆ. ಆದರೆ ಅವರು ಏನು ಮಾಡಿದರು ಎಂದು ಕೇಳಿದರೆ ಹೇಳುವವರು ಕಡಿಮೆ. 'ಯುದ್ಧದಲ್ಲಿ ಶತ್ರುಗಳನ್ನು ಹೊಡೆದರು' ಎಂದು ಸುಮ್ಮನಾಗುತ್ತಾರೆ. ನಿಜ ಹೇಳಬೇಕೆಂದರೆ, ಅವರಿಗೆ ಪದಕ ಬಂದದ್ದು ಹೊಡೆದದ್ದಕ್ಕಲ್ಲ. ಗುಂಡುಗಳು ಹಾರುತ್ತಿದ್ದಾಗ ಬಗ್ಗಿ ಕುಳಿತು ದಾರಿ ಬಿಡಿಸಿದ್ದಕ್ಕೆ.

ಅವರು ಹುಟ್ಟಿದ್ದು 1918ರ ಜೂನ್ 26ರಂದು. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ತಂದೆ ರಾಘೋಬಾ ರಾಣೆಯವರಿಗೆ ಪೊಲೀಸ್ ನೌಕರಿ. ವರ್ಗ ಆದಲ್ಲೆಲ್ಲ ಸಂಸಾರ ಹೋಗಬೇಕು. ಹುಡುಗನ ಶಾಲೆಯೂ ಊರಿಂದೂರಿಗೆ ಬದಲಾಯಿತು. 1930ರಲ್ಲಿ ಗಾಂಧೀಜಿಯವರ ಚಳವಳಿಯ ಗಾಳಿ ಹನ್ನೆರಡು ವರ್ಷದ ಹುಡುಗನಿಗೂ ತಗುಲಿತು. ಅದೇ ವರ್ಷ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ಆ ಕಡೆಯ ಹಿರಿಯರೆಲ್ಲರಿಗೂ ಗೊತ್ತಿರುವ ಸಂಗತಿ. ತಂದೆ ತಿನ್ನುವುದು ಬ್ರಿಟಿಷರ ಅನ್ನ, ಮಗನ ಮನಸ್ಸು ಚಳವಳಿಯ ಕಡೆಗೆ. ಗಾಬರಿಗೊಂಡ ತಂದೆ ಸಂಸಾರವನ್ನು ಚೆಂಡಿಯಾಕ್ಕೆ ತಂದು ಬಿಟ್ಟರು. ಪೇದೆಯ ಪಗಾರದಲ್ಲಿ ಮನೆ ನಡೆಸುವವನಿಗೆ ಆ ಗಾಬರಿ ಸಹಜ, ಅದನ್ನು ಹೇಡಿತನ ಎನ್ನಲಾಗದು.

ಎರಡನೆಯ ಮಹಾಯುದ್ಧ ನಡೆದಿತ್ತು. 1940ರ ಜುಲೈ 10ರಂದು, ಇಪ್ಪತ್ತೆರಡು ತುಂಬಿದ ರಾಣೆ ಸೈನ್ಯಕ್ಕೆ ಸೇರಿದರು. ಸೇರಿದ್ದು ಬಾಂಬೆ ಎಂಜಿನಿಯರ್ಸ್ ಎಂಬ ಪಡೆಗೆ. ಪುಣೆಯ ಖಡಕಿಯಲ್ಲಿ ಅದರ ಕೇಂದ್ರ. ಈ ಪಡೆಯವರನ್ನು ಬಾಂಬೆ ಸ್ಯಾಪರ್ಸ್ ಎಂದೂ ಕರೆಯುತ್ತಾರೆ. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಇರುವ ಮದ್ರಾಸ್ ಸ್ಯಾಪರ್ಸ್ ಕೂಡ ಇಂಥದೇ ಪಡೆ. ತರಬೇತಿ ಮುಗಿದಾಗ ತಂಡದ ಅತ್ಯುತ್ತಮ ಹೊಸ ಸಿಪಾಯಿ ಎಂದು ರಾಣೆಯವರಿಗೆ ಕಮಾಂಡೆಂಟರ ಬೆತ್ತ ಬಹುಮಾನವಾಗಿ ಸಿಕ್ಕಿತು.

ಸ್ಯಾಪರ್ ಎಂದರೆ ಏನು ಎಂದು ಮಕ್ಕಳಿಗೆ ತಿಳಿಯಬೇಕು. ದೇವರ ಪಲ್ಲಕ್ಕಿ ಹೊರಡುವ ದಿನ ಜನ ನೋಡುವುದು ಪಲ್ಲಕ್ಕಿಯನ್ನು, ಹೂವಿನ ಅಲಂಕಾರವನ್ನು, ಹೊತ್ತವರ ಹೆಗಲನ್ನು. ಆದರೆ ಬೆಳಗಿನ ಜಾವವೇ ನಾಲ್ಕು ಹುಡುಗರು ಎದ್ದು ದಾರಿಯುದ್ದಕ್ಕೂ ಹೋಗಿ ಕಲ್ಲು ಎತ್ತಿಹಾಕಿ, ಜೋತುಬಿದ್ದ ವಾಯರನ್ನು ಬಿದಿರಿನಿಂದ ಮೇಲಕ್ಕೆ ಕಟ್ಟಿ, ಚರಂಡಿಯ ಮೇಲೆ ಹಲಗೆ ಹಾಸಿ ಬಂದಿರುತ್ತಾರೆ. ಅವರ ಹೆಸರನ್ನು ಮೈಕಿನಲ್ಲಿ ಯಾರೂ ಕೂಗುವುದಿಲ್ಲ. ಯುದ್ಧದಲ್ಲಿ ಆ ಕೆಲಸ ಸ್ಯಾಪರನದು. ಸೈನ್ಯ ಹೋಗಬೇಕಾದ ದಾರಿಯನ್ನು ಅವನು ಮೊದಲು ಹೋಗಿ ತೆರೆಯಬೇಕು. ಸೇತುವೆ ಮುರಿದಿದ್ದರೆ ಕಟ್ಟಬೇಕು. ನೆಲದಲ್ಲಿ ಶತ್ರು ಹೂತಿಟ್ಟ ಬಾಂಬನ್ನು ಕೈಯಿಂದ ತಡವಿ ಹುಡುಕಿ ತೆಗೆಯಬೇಕು. ಹಿಂದೆ ಸರಿಯುವಾಗ ತನ್ನದೇ ಸೇತುವೆಯನ್ನು ಒಡೆದು ಕೊನೆಯಲ್ಲಿ ಬರಬೇಕು. ಅಂದರೆ ಹೋಗುವಾಗ ಎಲ್ಲರಿಗಿಂತ ಮುಂದೆ, ಬರುವಾಗ ಎಲ್ಲರಿಗಿಂತ ಹಿಂದೆ.

ಈ ಮಾತಿಗೆ ಬರ್ಮಾದಲ್ಲೇ ಸಾಕ್ಷಿ ಸಿಕ್ಕಿತು. ರಾಣೆ ಆಗ ನಾಯಕ್ ದರ್ಜೆಯಲ್ಲಿದ್ದರು. ಜಪಾನೀಯರು ಒತ್ತಿಕೊಂಡು ಬರುತ್ತಿದ್ದಾಗ ಬುತಿಡಾಂಗ್ ಎಂಬಲ್ಲಿಂದ ಅವರ ಕಂಪನಿ ಹಿಂದೆ ಸರಿಯಬೇಕಾಯಿತು. ಅಲ್ಲಿ ಉಳಿದ ಯುದ್ಧ ಸಾಮಗ್ರಿ ಶತ್ರುವಿನ ಕೈಗೆ ಸಿಗಬಾರದು. ಅದನ್ನು ಹಾಳುಗೆಡವಿ ಬರುವುದಕ್ಕೆ ರಾಣೆಯವರನ್ನೂ ಅವರ ಕೈಕೆಳಗಿನ ಎರಡು ತುಕಡಿಗಳನ್ನೂ ಹಿಂದೆ ಬಿಟ್ಟರು. ಕೆಲಸ ಮುಗಿದ ಮೇಲೆ ನೌಕಾದಳದ ಹಡಗು ಬಂದು ಕರೆದೊಯ್ಯುತ್ತದೆ ಎಂದು ಏರ್ಪಾಡು. ಕೆಲಸ ಮುಗಿಯಿತು. ಹಡಗಿನ ಏರ್ಪಾಡು ಕೈಕೊಟ್ಟಿತು. ಜಪಾನೀ ಪಹರೆ ಇದ್ದ ನದಿಯನ್ನು ರಾಣೆ ತಮ್ಮ ಜನರೊಂದಿಗೆ ಪಹರೆಯ ಕಣ್ಣಿಗೆ ಬೀಳದೆ ದಾಟಿ, ಬಾವ್ಲಿ ಬಜಾರ್ ಎಂಬಲ್ಲಿ ತಮ್ಮ ಡಿವಿಜನ್ನನ್ನು ಸೇರಿಕೊಂಡರು. ಆ ಮೇಲೆ ಹವಾಲ್ದಾರ್ ಆದರು. ಬರುತ್ತೇನೆಂದ ಹಡಗು ಬಾರದಿದ್ದಾಗ ಏನು ಮಾಡಬೇಕು ಎಂಬುದು ಬಂದರಿನ ಊರಿನವರಾದ ವಾಸ್ಕೋದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಂಡೆಯಲ್ಲಿ ಕುಳಿತು ಶಪಿಸುತ್ತಿದ್ದರೆ ಯಾರೂ ದಡ ಸೇರುವುದಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂತು. 1947ರ ಡಿಸೆಂಬರಿನಲ್ಲಿ ರಾಣೆ ಸೆಕೆಂಡ್ ಲೆಫ್ಟಿನೆಂಟ್ ಆದರು. ಸಿಪಾಯಿಯಾಗಿ ಸೇರಿ, ನಾಯಕ್ ಆಗಿ, ಹವಾಲ್ದಾರ್ ಆಗಿ, ಏಳು ವರ್ಷದ ಮೇಲೆ ಅಧಿಕಾರಿ. ಆ ಹೊತ್ತಿಗೆ ಕಾಶ್ಮೀರದಲ್ಲಿ ಯುದ್ಧ ಹೊತ್ತಿಕೊಂಡಿತ್ತು. ಜಮ್ಮು ಪ್ರಾಂತದ ರಾಜೌರಿ ಪಟ್ಟಣ 1947ರ ನವೆಂಬರಿನಲ್ಲೇ, ದೀಪಾವಳಿಯ ಹೊತ್ತಿನಲ್ಲಿ, ದಾಳಿಕೋರರ ಕೈಗೆ ಬಿದ್ದಿತ್ತು. ಅಲ್ಲಿಯ ಜನ ಅನುಭವಿಸಿದ್ದನ್ನು ಮಕ್ಕಳಿರುವ ಸಭೆಯಲ್ಲಿ ವಿವರಿಸುವುದು ಬೇಡ. ಪಶ್ಚಿಮ ರಂಗದ ಸೈನ್ಯವನ್ನು 1948ರ ಜನವರಿಯಿಂದ ನಡೆಸುತ್ತಿದ್ದವರು ನಮ್ಮ ಕೊಡಗಿನ ಕಾರಿಯಪ್ಪನವರು. ನೌಶೇರಾವನ್ನು ಹಿಡಿದುಕೊಂಡು ನಿಂತಿದ್ದವರು 50ನೆಯ ಪ್ಯಾರಾಶೂಟ್ ಬ್ರಿಗೇಡಿನ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್. ಅವರು ಮಾರ್ಚ್ 18ರಂದು ಝಂಗಡ್ ಅನ್ನು ಮರಳಿ ಗೆದ್ದರು, ಜುಲೈ 3ರಂದು ಅಲ್ಲೇ ವೀರಮರಣ ಹೊಂದಿದರು. ಈ 50ನೆಯ ಬ್ರಿಗೇಡಿನ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೌಶೇರಾದಿಂದ ರಾಜೌರಿಗೆ ಹೋಗುವುದು ಗುಡ್ಡಗಳ ನಡುವಿನ ದಾರಿ. ನಮ್ಮ ಅನಮೋಡ ಘಾಟಿನ ತಿರುವುಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಟ್ಯಾಂಕುಗಳು ಮುಂದೆ ಹೋದರೆ ಮಾತ್ರ ರಾಜೌರಿ ಸಿಗುತ್ತದೆ. ಶತ್ರುವಿಗೂ ಅದು ಗೊತ್ತು. ಅವನು ದಾರಿಯುದ್ದಕ್ಕೂ ಪೈನ್ ಮರಗಳನ್ನು ಕಡಿದು ಕೆಡವಿದ್ದ, ಮೋರಿಗಳನ್ನು ಸಿಡಿಸಿದ್ದ, ನೆಲದಲ್ಲಿ ಬಾಂಬು ಹೂತಿದ್ದ, ಮೇಲಿನ ಗುಡ್ಡಗಳಲ್ಲಿ ಮಶಿನ್ ಗನ್ ಹಿಡಿದು ಕುಳಿತಿದ್ದ. ದಾರಿ ಬಿಡಿಸುವ ತಂಡದ ಮುಖ್ಯಸ್ಥ ಸೆಕೆಂಡ್ ಲೆಫ್ಟಿನೆಂಟ್ ರಾಣೆ. ಮೂವತ್ತು ತುಂಬಲು ಇನ್ನೂ ಎರಡೂವರೆ ತಿಂಗಳು ಬಾಕಿ.

ಆ ನಾಲ್ಕು ದಿನಗಳಲ್ಲಿ ಅವರು ಮಾಡಿದ ಕೆಲಸವನ್ನು ಸರಕಾರಿ ಪ್ರಶಸ್ತಿ ಪತ್ರದಲ್ಲಿ ತಾಸು ತಾಸಿಗೆ ಬರೆದಿದ್ದಾರೆ, ಅಂಗಡಿಯ ಕಿರ್ದಿ ಪುಸ್ತಕದ ಹಾಗೆ. ಬಣ್ಣದ ಮಾತಿಗಿಂತ ಆ ಲೆಕ್ಕವೇ ಹೆಚ್ಚು ಹೇಳುತ್ತದೆ. ಸ್ವಲ್ಪ ಸಾವಧಾನದಿಂದ ಕೇಳಬೇಕು.

1948ರ ಏಪ್ರಿಲ್ 8. ಮುಂಜಾನೆ 11 ಗಂಟೆ. ದಾರಿಯ 26ನೆಯ ಮೈಲಿಯಲ್ಲಿ ಅವರ ಕೆಲಸ. ನಾದ್‌ಪುರದ ದಕ್ಷಿಣಕ್ಕೆ ತಂಡ ಟ್ಯಾಂಕುಗಳ ಹತ್ತಿರ ಕಾಯುತ್ತ ನಿಂತಿದೆ, ಕೆಲಸ ಇನ್ನೂ ಶುರುವಾಗಿಲ್ಲ. ಅಷ್ಟರಲ್ಲಿ ಮಾರ್ಟರ್ ಗುಂಡುಗಳ ಮಳೆ. ತಂಡದ ಇಬ್ಬರು ಅಲ್ಲೇ ಸತ್ತರು. ಐವರಿಗೆ ಗಾಯ, ಆ ಐವರಲ್ಲಿ ರಾಣೆಯವರೂ ಒಬ್ಬರು. ಗಾಯಗೊಂಡ ಅಧಿಕಾರಿ ಹಿಂದಕ್ಕೆ ಹೋದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವರು ಉಳಿದವರನ್ನು ಒಟ್ಟುಗೂಡಿಸಿ ಕೆಲಸಕ್ಕೆ ಹಚ್ಚಿದರು. ದಿನವಿಡೀ ಗುಂಡಿನ ನಡುವೆ ಟ್ಯಾಂಕುಗಳ ಪಕ್ಕದಲ್ಲೇ ಇದ್ದರು. ಸಂಜೆ ನಾಲ್ಕೂವರೆಯ ಹೊತ್ತಿಗೆ ಡೋಗ್ರಾ ಪಡೆಯವರು ಬರವಾಲಿ ದಿಣ್ಣೆಯನ್ನು ಗೆದ್ದರು. ಶತ್ರು ಪೂರ್ತಿ ಹೋಗಿಲ್ಲ ಎಂದು ಗೊತ್ತಿದ್ದರೂ ರಾಣೆ ಮುಂದೆ ಹೋಗಿ ಟ್ಯಾಂಕುಗಳಿಗೆ ಬಳಸುದಾರಿ ಮಾಡಲು ತೊಡಗಿದರು. ರಾತ್ರಿ 10ರವರೆಗೆ ಕೆಲಸ.

ಏಪ್ರಿಲ್ 9. ಬೆಳಿಗ್ಗೆ 6ಕ್ಕೆ ಮತ್ತೆ ಶುರು. ಮಧ್ಯಾಹ್ನ 3ಕ್ಕೆ ಬಳಸುದಾರಿ ಸಿದ್ಧ. ಟ್ಯಾಂಕುಗಳು ಹೊರಟಾಗ ಅವರು ಎಲ್ಲಕ್ಕಿಂತ ಮುಂದಿನ ಗಾಡಿ ಹತ್ತಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಅಡ್ಡಬಿದ್ದ ಪೈನ್ ಮರಗಳು. ಇಳಿದು, ಮದ್ದಿಟ್ಟು, ಸಿಡಿಸಿ, ಮತ್ತೆ ಹತ್ತಿದರು. ಮುನ್ನೂರು ಗಜ ಹೋದರೆ ಮತ್ತೆ ಅದೇ. ಆಮೇಲೆ ಮುರಿದ ಮೋರಿ. ಅದರ ಕೆಲಸಕ್ಕೆ ಕೈ ಹಚ್ಚುವ ಮೊದಲೇ ಮಶಿನ್ ಗನ್ ಹಾರತೊಡಗಿತು. ಅಲ್ಲಿಯೂ ಬಳಸುದಾರಿ ಮಾಡಿದರು. ಸಂಜೆ ಆರೂಕಾಲಿಗೆ ಬೆಳಕು ಮಸಕಾಗುವಾಗ ಎದುರಾದದ್ದು ಐದು ದೊಡ್ಡ ಪೈನ್ ಮರಗಳ ಅಡ್ಡಗಟ್ಟು, ಸುತ್ತ ನೆಲಬಾಂಬು, ಮೇಲಿನಿಂದ ಗುಂಡು. ಅವರು ಅದನ್ನೂ ಬಿಡಿಸುವ ಹಟದಲ್ಲಿ ಬಾಂಬು ತೆಗೆಯಲು ಶುರುಮಾಡಿಯೇಬಿಟ್ಟಿದ್ದರು. ಕತ್ತಲಾಯಿತೆಂದು ಟ್ಯಾಂಕುಗಳ ಮುಖ್ಯಾಧಿಕಾರಿಯೇ ತುಕಡಿಯನ್ನು ರಾತ್ರಿಯ ತಂಗುದಾಣಕ್ಕೆ ಸರಿಸಿದರು.

ಏಪ್ರಿಲ್ 10. ಬೆಳಗಿನ ಜಾವ 4 ಗಂಟೆ 45 ನಿಮಿಷಕ್ಕೆ ಅದೇ ಐದು ಮರಗಳ ಮುಂದೆ ಹಾಜರ್. ಆರೂವರೆಗೆ ಮರಗಳು ದಾರಿಯಲ್ಲಿಲ್ಲ. ಮುಂದಿನ ಸಾವಿರ ಗಜ ಬರೀ ಅಡ್ಡಗಟ್ಟುಗಳು, ಸಿಡಿಸಿದ ದಿಂಡುಗಳು. ಹತ್ತೂವರೆಗೆ ಅದೂ ಬಯಲು. ಟ್ಯಾಂಕುಗಳು ದಾರಿ ಬಿಟ್ಟು ತಾವಿ ಹೊಳೆಯ ಪಾತ್ರಕ್ಕಿಳಿದು ಮುಂದೆ ಹೋದವು. ಮಧ್ಯಾಹ್ನ 2ಕ್ಕೆ ಚಿಂಗಸ್ ತಲುಪಿದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಟ್ಯಾಂಕುಗಳು ದಾಟಿಹೋದವು, ಹೊಗಳಿಕೆ ಬರುವ ಕೆಲಸ ಮುಗಿದಂತೆಯೇ. ಆದರೆ ಹಿಂದೆ ಊಟ, ಔಷಧ, ಮದ್ದುಗುಂಡು ತರುವ ಗಾಡಿಗಳಿವೆ. ಅವು ಹೊಳೆಯಲ್ಲಿ ಇಳಿಯಲಾರವು, ಅವಕ್ಕೆ ದಾರಿಯೇ ಬೇಕು. ರಾಣೆ ಹಿಂದೆ ಉಳಿದು ಆ ಗಾಡಿಗಳಿಗಾಗಿ ರಾತ್ರಿ 9ರವರೆಗೆ ದಾರಿ ಬಿಡಿಸಿದರು. ಊಟವಿಲ್ಲ, ವಿಶ್ರಾಂತಿಯಿಲ್ಲ, ಮೈಮೇಲೆ ಎರಡು ದಿನದ ಹಿಂದಿನ ಗಾಯ. ಸಾಮಾನು ಸಾಗಿಸಿ ಬದುಕುವ ಊರಿನವರಾದ ನಮಗೆ ಈ ಭಾಗವೇ ದೊಡ್ಡದಾಗಿ ಕಾಣಬೇಕು. ಗೆದ್ದವನ ಹಿಂದೆ ರೇಷನ್ ಬಾರದಿದ್ದರೆ ಗೆಲುವು ಎರಡು ದಿನವೂ ಉಳಿಯುವುದಿಲ್ಲ.

ಏಪ್ರಿಲ್ 11. ಬೆಳಿಗ್ಗೆ 6ಕ್ಕೆ ಶುರು. 11 ಗಂಟೆಗೆ ಚಿಂಗಸ್‌ವರೆಗಿನ ದಾರಿ ತೆರೆಯಿತು. ಅವತ್ತೂ ರಾತ್ರಿ 10ರವರೆಗೆ ಮುಂದಿನ ದಾರಿಯ ಕೆಲಸ. ನಡುವಿನ ಬಿಡುವನ್ನು ಕಳೆಯದೆ ಈ ನಾಲ್ಕು ದಿನವನ್ನು ಕೂಡಿಸಿದರೆ ಐವತ್ತೈದು ತಾಸಿಗೂ ಮೇಲಾಗುತ್ತದೆ. ಏಪ್ರಿಲ್ 12ರಂದು ನಮ್ಮ ಸೈನ್ಯ ರಾಜೌರಿ ಸೇರಿತು.

ಅವರ ಕತೆ ಹೇಳುವವರು ತಪ್ಪದೆ ಹೇಳುವ ಇನ್ನೊಂದು ಪ್ರಸಂಗವಿದೆ. ನೆಲಬಾಂಬಿನ ಜಾಗದಲ್ಲಿ ಗುಂಡಿನಿಂದ ಮರೆ ಸಿಗದಿದ್ದಾಗ ರಾಣೆ ಟ್ಯಾಂಕಿನ ಹೊಟ್ಟೆಯಡಿಗೆ ಸರಿದರಂತೆ. ಕೈಯಲ್ಲಿ ಎರಡು ಹಗ್ಗ, ಅವುಗಳ ಇನ್ನೊಂದು ತುದಿ ಟ್ಯಾಂಕ್ ನಡೆಸುವವನ ಹತ್ತಿರ. ಒಂದನ್ನು ಎಳೆದರೆ ನಿಲ್ಲು, ಇನ್ನೊಂದನ್ನು ಎಳೆದರೆ ಹೊರಡು. ಟ್ಯಾಂಕು ತೆವಳಿದಷ್ಟೇ ಅವರೂ ತೆವಳುತ್ತ, ಬಾಂಬು ತೆಗೆಯುತ್ತ ಹೋದರಂತೆ. ಹಗ್ಗ ಎಳೆಯುವುದರಲ್ಲಿ ಒಂದು ಕ್ಷಣ ತಪ್ಪಿದರೆ ಮುಂದೆ ಬಾಂಬು, ಮೇಲೆ ಟ್ಯಾಂಕು. ಟ್ಯಾಂಕಿನ ಒಳಗಿದ್ದ ಸಿಪಾಯಿಯನ್ನೂ ಈ ಕತೆಯಲ್ಲಿ ನೆನೆಯಬೇಕು. ಕಣ್ಣಿಗೆ ಕಾಣದ ಒಬ್ಬ ಮನುಷ್ಯನ ಹಗ್ಗವನ್ನು ನಂಬಿ ಟನ್ನುಗಟ್ಟಲೆ ಕಬ್ಬಿಣವನ್ನು ಅಂಗುಲ ಅಂಗುಲವಾಗಿ ನಡೆಸಿದ್ದು ಸಣ್ಣ ಮಾತಲ್ಲ.

ಪರಮವೀರ ಚಕ್ರವನ್ನು ಸರಕಾರ ಸ್ಥಾಪಿಸಿದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ಅದೇ ವರ್ಷ ರಾಣೆಯವರಿಗೆ ಅದು ಪ್ರಕಟವಾಯಿತು. ಇದುವರೆಗೆ ಆ ಪದಕ ಸಿಕ್ಕಿದ್ದು 21 ಜನರಿಗೆ ಮಾತ್ರ. ಅವರಲ್ಲಿ 14 ಜನರಿಗೆ ಮರಣೋತ್ತರವಾಗಿ. ಬದುಕಿದ್ದು ಆ ಪದಕ ಪಡೆದವರಲ್ಲಿ ರಾಣೆಯವರನ್ನೇ ಮೊದಲಿಗರೆಂದು ಎಣಿಸುತ್ತಾರೆ.

ಆ ಪದಕದ ಚಿತ್ರ ಬರೆದವರು ಸಾವಿತ್ರಿ ಖಾನೋಲ್ಕರ್. ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಭಾರತೀಯ ಸೇನಾಧಿಕಾರಿ ವಿಕ್ರಮ್ ಖಾನೋಲ್ಕರರನ್ನು ಮದುವೆಯಾಗಿ ಇಲ್ಲಿಯವರೇ ಆಗಿ, ನಮ್ಮ ಪುರಾಣಗಳನ್ನು ಅನೇಕ ಭಾರತೀಯರಿಗಿಂತ ಚೆನ್ನಾಗಿ ಓದಿಕೊಂಡವರು. ಕಂಚಿನ ಆ ಪದಕದ ಮೇಲೆ ಅವರು ಇಟ್ಟದ್ದು ಇಂದ್ರನ ವಜ್ರಾಯುಧವನ್ನು, ನಾಲ್ಕು ದಿಕ್ಕಿಗೆ ನಾಲ್ಕು. ವಜ್ರಾಯುಧ ಯಾವುದರಿಂದ ಆಯಿತು? ದಧೀಚಿ ಮಹರ್ಷಿಗಳ ಬೆನ್ನೆಲುಬಿನಿಂದ. ಲೋಕಕ್ಕೆ ಬೇಕು ಎಂದಾಗ ಅವರು ಮೈಯನ್ನೇ ಬಿಟ್ಟುಕೊಟ್ಟರು. ಇಷ್ಟು ಕತೆ ಎಲ್ಲರಿಗೂ ಗೊತ್ತು. ಇನ್ನೊಂದನ್ನು ಮಾತ್ರ ಮರೆಯುತ್ತೇವೆ. ವಜ್ರಾಯುಧಕ್ಕೆ ಬಲಿಯಾದ ವೃತ್ರ ಯಾರು? ನೀರನ್ನು ಅಡ್ಡಗಟ್ಟಿ ಹಿಡಿದವನು. ಅವನು ಬಿದ್ದ ಮೇಲೆ ನದಿಗಳು ಹರಿದವು. ಅಂದಮೇಲೆ ವಜ್ರ ಎಂದರೆ ಅಡ್ಡಗಟ್ಟು ಒಡೆಯುವ ಆಯುಧ. ಸಾವಿತ್ರಿಬಾಯಿಯವರು ಚಿತ್ರ ಬರೆಯುವಾಗ ರಾಣೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಾರರು. ಆದರೂ ಆ ಪದಕ ಅವರ ಎದೆಯ ಮೇಲೆ ಕುಳಿತಾಗ ಅದಕ್ಕಿಂತ ಸರಿಯಾದ ಜಾಗ ಇರಲಿಲ್ಲ.

ಇನ್ನು ನಮ್ಮ ಗೋವೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿರಬಹುದು. 1961ರ ಡಿಸೆಂಬರ್ 18ರಂದು ನಮ್ಮ ಸೈನ್ಯ ಗೋವೆಯೊಳಗೆ ಬಂತು. ಮುಖ್ಯ ಸೈನ್ಯ ಬಂದದ್ದು ಉತ್ತರ ಮತ್ತು ಪೂರ್ವದಿಂದ. ದಕ್ಷಿಣದಲ್ಲಿ ಮಾಜಾಳಿಯ ಕಡೆಯಿಂದಲೂ, ಅಂದರೆ ಕಾರವಾರದ ದಾರಿಯಿಂದಲೂ, ಒಂದು ತುಕಡಿ ಕಾಣಕೋಣದತ್ತ ಬಂತು. ಪಣಜಿಗೆ ಬಂದ ಬ್ರಿಗೇಡ್ ಯಾವುದು ಗೊತ್ತೇ? ಬ್ರಿಗೇಡಿಯರ್ ಸಗತ್ ಸಿಂಗರ ಕೈಕೆಳಗಿನ 50ನೆಯ ಪ್ಯಾರಾಶೂಟ್ ಬ್ರಿಗೇಡ್, ಹಿಂದೆ ಉಸ್ಮಾನರು ನೌಶೇರಾದಲ್ಲಿ ನಡೆಸಿದ ಅದೇ ಬ್ರಿಗೇಡ್. ಪೋರ್ಚುಗೀಜರು ಹಿಂದೆ ಸರಿಯುತ್ತ ಬೋರಿಯ ಸೇತುವೆಯನ್ನೂ ಬಾಣಸ್ತಾರಿಯ ಸೇತುವೆಯನ್ನೂ ಒಡೆದಿದ್ದರು. ಒಡೆದ ಸೇತುವೆ, ಕೆಡವಿದ ದಾರಿ, ಅದನ್ನು ದಾಟುವ ಉಪಾಯ, ಎಲ್ಲ ಅದೇ ಕತೆಯೇ. ಡಿಸೆಂಬರ್ 19ರ ರಾತ್ರಿ ಪೋರ್ಚುಗೀಜ್ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಬೇರೆಲ್ಲೂ ಅಲ್ಲ, ಈ ವಾಸ್ಕೋದಲ್ಲಿ. 451 ವರ್ಷದ ಆಳಿಕೆ ನಮ್ಮ ಊರಿನಲ್ಲೇ ಮುಗಿಯಿತು.

ಆ ದಿನಗಳಲ್ಲಿ ಚೆಂಡಿಯಾದ ಕಡೆಯ ಜನರೂ ಯುದ್ಧದ ಸದ್ದು ಕೇಳುವಷ್ಟು ಹತ್ತಿರದಲ್ಲಿದ್ದರು. ಬಿಣಗಾ ಕಡಲ ದಂಡೆಗೆ ಎದುರಾಗಿರುವ ಅಂಜದೀವ ದ್ವೀಪ ಪೋರ್ಚುಗೀಜರ ಕೈಯಲ್ಲಿತ್ತು. ಅದನ್ನು ಬಿಡಿಸುವಾಗ ನಮ್ಮ ನೌಕಾದಳದ ಏಳು ಜನ ಪ್ರಾಣ ಕೊಟ್ಟರು. ಈಗ ಅದೇ ದಂಡೆಯಲ್ಲಿ ಸೀಬರ್ಡ್ ನೌಕಾನೆಲೆ ಇದೆ. ಅದಕ್ಕಾಗಿ ಭೂಮಿ, ಮನೆ ಬಿಟ್ಟುಕೊಟ್ಟ ಆ ದಂಡೆಯ ಜನರನ್ನು ಈ ಮಾತಿನ ನಡುವೆ ಒಂದು ಸಲ ನೆನೆದರೆ ತಪ್ಪಿಲ್ಲ. ದೇಶಕ್ಕೆ ಕೊಡುವುದು ಪ್ರಾಣ ಒಂದೇ ಅಲ್ಲ, ತೆಂಗಿನ ತೋಟವನ್ನೂ ಕೊಡುತ್ತಾರೆ.

ದಾರಿಯ ಬೆಲೆ ದಾರಿ ಕಡಿದಾಗ ತಿಳಿಯುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಮುಚ್ಚಿತು, ದಾರಿಯ ಬದಿಯಲ್ಲಿದ್ದ ಮತ್ತು ದಾರಿಯಲ್ಲಿದ್ದ ಹಲವರು ಜೀವ ಕಳೆದುಕೊಂಡರು. ಮೂರು ವಾರದಲ್ಲೇ, ಆಗಸ್ಟ್ 7ರಂದು, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು, ಲಾರಿಯೊಂದು ಹೊಳೆಗೆ ಬಿದ್ದಿತು. ಆ ಮಳೆಗಾಲದಲ್ಲಿ ಊರಿಗೆ ಹೊರಟವರು, ಊರಿನಿಂದ ಬರಬೇಕಾದವರು, ಮಾಲು ತರಿಸುವವರು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ ಇತ್ತು: ದಾರಿ ಬಿಟ್ಟಿದ್ದಾರೆಯೇ? 1948ರ ಏಪ್ರಿಲಿನಲ್ಲಿ ರಾಜೌರಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತವರ ಪ್ರಶ್ನೆಯೂ ಅದೇ ಇದ್ದೀತು.

ಯುದ್ಧದ ನಂತರದ ರಾಣೆಯವರ ಬದುಕನ್ನು ಹೇಳಲು ಹೆಚ್ಚು ಹೊತ್ತು ಬೇಡ, ಅವರೇ ಅದನ್ನು ಸದ್ದಿಲ್ಲದೆ ನಡೆಸಿದರು. ಯುದ್ಧವರದಿಗಳಲ್ಲಿ ಐದು ಸಲ ಅವರ ಹೆಸರು ಗೌರವದಿಂದ ಉಲ್ಲೇಖವಾಯಿತು. 1968ರಲ್ಲಿ ಮೇಜರ್ ಹುದ್ದೆಯಿಂದ ನಿವೃತ್ತಿ. ಸೈನ್ಯ ಅವರನ್ನು ಮತ್ತೆ ಕರೆದು 1971ರವರೆಗೆ ಕೆಲಸ ಕೊಟ್ಟಿತು. ಆಮೇಲೆ ಇಪ್ಪತ್ಮೂರು ವರ್ಷ ಬದುಕಿದ್ದರು. 1984ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ ತನ್ನ ತೈಲ ಹಡಗೊಂದಕ್ಕೆ ಅವರ ಹೆಸರಿಟ್ಟಿತು. ಬರ್ಮಾದಲ್ಲಿ ಯಾರಿಗಾಗಿ ಹಡಗು ಬರಲಿಲ್ಲವೋ ಅವರ ಹೆಸರಿನಲ್ಲೇ ಒಂದು ಹಡಗು ಸಮುದ್ರಕ್ಕಿಳಿಯಿತು. ದೇವರ ಲೆಕ್ಕ ಹೀಗೂ ಇರುತ್ತದೆ. ಆ ಹಡಗು ಈಗ ಸೇವೆಯಲ್ಲಿಲ್ಲ.

1994ರ ಜುಲೈ 11ರಂದು ಪುಣೆಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆಗ ಎಪ್ಪತ್ತಾರು ವರ್ಷ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲ ತೀರದಲ್ಲಿ, ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಹತ್ತಿರ, ಅವರ ಪ್ರತಿಮೆ ಅನಾವರಣಗೊಂಡದ್ದು 2006ರ ನವೆಂಬರ್ 7ರಂದು. ಅಂಡಮಾನಿನ ಒಂದು ದ್ವೀಪಕ್ಕೆ ರಾಣೆ ದ್ವೀಪ ಎಂದು ಹೆಸರು ಬಂದದ್ದು 2023ರ ಜನವರಿ 23ರಂದು. ಎರಡೂ ಸಂತೋಷದ ಸಂಗತಿಗಳೇ. ಆದರೆ ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಮನಸ್ಸಿಗೆ ಸ್ವಲ್ಪ ಚುಚ್ಚುತ್ತದೆ. ಪದಕ ಬಂದ ಮೇಲೆ ನಲವತ್ತನಾಲ್ಕು ವರ್ಷ ಅವರು ಬದುಕಿದ್ದರು. ಸ್ವಂತ ತಾಲೂಕಿನಲ್ಲಿ ಅವರ ಪ್ರತಿಮೆ ನಿಂತದ್ದು ಅವರು ಹೋಗಿ ಹನ್ನೆರಡು ವರ್ಷಕ್ಕೆ. ಅವರ ಬಾಯಿಂದಲೇ ಆ ನಾಲ್ಕು ದಿನಗಳ ಮಾತನ್ನು ಕೇಳಬಹುದಾಗಿದ್ದ ಮಕ್ಕಳು ಆ ಕಾಲದಲ್ಲಿ ಚೆಂಡಿಯಾದಲ್ಲೂ ಕಾರವಾರದಲ್ಲೂ ವಾಸ್ಕೋದಲ್ಲೂ ಎಷ್ಟು ಸಾವಿರ ಇದ್ದರು!

ಈ ಮಾತನ್ನು ಉತ್ಸವದ ಸಭೆಗೆ ತಂದದ್ದು ಅದಕ್ಕಾಗಿಯೇ. ವಾಸ್ಕೋ ನೌಕಾದಳದ ಊರು. ದಾಬೋಳಿಯಲ್ಲಿ ಹಂಸಾ ನೆಲೆ ಇದೆ. ಈ ದೇವಸ್ಥಾನಕ್ಕೆ ಬರುವ ಭಕ್ತರಲ್ಲಿ ನೌಕಾದಳದಲ್ಲಿ ದುಡಿದವರಿದ್ದಾರೆ, ಭೂಸೈನ್ಯದಿಂದ ಬಂದವರಿದ್ದಾರೆ, ಬೆಳಗಾವಿಯ ಮರಾಠಾ ರೆಜಿಮೆಂಟಿನವರಿದ್ದಾರೆ, ಬೆಂಗಳೂರಿನ ಸ್ಯಾಪರ್ಸ್ ಪಡೆಯವರಿದ್ದಾರೆ. ನಿವೃತ್ತರಾದ ಮೇಲೆ ಬಂದರಿನ ಗೇಟಿನಲ್ಲಿ, ಬ್ಯಾಂಕಿನ ಬಾಗಿಲಿನಲ್ಲಿ ಕಾವಲಿಗೆ ನಿಂತವರನ್ನು ದಿನಾ ನೋಡುತ್ತೇವೆ. ಸಡಾದಲ್ಲಿ, ಬಾಯಣಾದಲ್ಲಿ, ಮಾಂಗೋರ್ ಹಿಲ್ಲಿನಲ್ಲಿ, ಜುವಾರಿನಗರದಲ್ಲಿ ಅಂಥ ಕಾಕಾಗಳು ಮುಂಜಾನೆ ಹಾಲು ತರಲು ಹೊರಟಾಗ ಅವರ ನಡಿಗೆಯಿಂದಲೇ ಗುರುತು ಸಿಗುತ್ತದೆ. 1971ರ ಯುದ್ಧ ಕಂಡವರು ಈಗ ಎಪ್ಪತ್ತು ದಾಟಿದ್ದಾರೆ. 1965ರದನ್ನು ಕಂಡವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ, ಬೆರಳೆಣಿಕೆಯಷ್ಟು ಜನ. ಅವರಲ್ಲಿ ಹೆಚ್ಚಿನವರಿಗೆ ದೊಡ್ಡ ಪದಕವಿಲ್ಲ. ಅಡಿಗೆ ಮಾಡಿದವರು, ಗಾಡಿ ಓಡಿಸಿದವರು, ತಂತಿ ಎಳೆದವರು, ಬಂಕರಿನಲ್ಲಿ ರಾತ್ರಿ ಕಳೆದವರು. ತಾವಾಗಿ ಹೇಳುವುದಿಲ್ಲ. ಮನೆಯವರು ಕೇಳಿದರೆ 'ಏನಿತ್ತು ಅದರಲ್ಲಿ, ಡ್ಯೂಟಿ' ಎಂದು ಮಾತು ಮುಗಿಸುತ್ತಾರೆ. ಕೇಳುವವರು ಎರಡನೆಯ ಸಲ ಕೇಳಬೇಕು.

ಅದಕ್ಕಾಗಿ ಉತ್ಸವ ಸಮಿತಿಯವರು ಒಂದು ಪುಸ್ತಕ ಇಟ್ಟಿದ್ದಾರೆ, ಉದ್ದ ಗೆರೆಯ ದಪ್ಪ ರಟ್ಟಿನ ಪುಸ್ತಕ. ಪ್ರತಿಯೊಬ್ಬ ಹಿರಿಯ ಸೈನಿಕರಿಗೆ ಎರಡು ಪುಟ ಬಿಟ್ಟಿದೆ. ಹೆಸರು, ಹುಟ್ಟಿದ ಊರು, ಸೇರಿದ ವರ್ಷ, ಪಡೆ, ಎಲ್ಲೆಲ್ಲಿ ಕೆಲಸ ಮಾಡಿದರು, ಏನು ಕಂಡರು. ಅವರ ಕೈ ನಡುಗುತ್ತಿದ್ದರೆ ಮೊಮ್ಮಕ್ಕಳು ಬರೆಯಲಿ. ಕನ್ನಡದಲ್ಲಿ ಬರೆದರೂ ಸರಿ, ಕೊಂಕಣಿಯಲ್ಲಿ, ಮರಾಠಿಯಲ್ಲಿ ಬರೆದರೂ ಸರಿ. ಹಳೆಯ ಫೋಟೋ ಇದ್ದರೆ ಅಸಲನ್ನು ಕೊಡಬೇಡಿ, ನಕಲು ತೆಗೆಸಿ ಅಂಟಿಸಿ. ಹಿರಿಯರು ತೀರಿಹೋಗಿದ್ದರೆ ಮನೆಯವರು ನೆನಪಿದ್ದಷ್ಟು ಬರೆಯಬಹುದು, ತಾರೀಖು ಖಚಿತವಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಪುಸ್ತಕ ಪ್ರಸಾದ ಕೊಡುವ ಕಿಟಕಿಯ ಪಕ್ಕದ ಮೇಜಿನ ಮೇಲಿದೆ, ಪೆನ್ನನ್ನು ದಾರದಿಂದ ಕಟ್ಟಿದೆ. ಉತ್ಸವ ಮುಗಿದ ಮೇಲೂ ಸಂಜೆಯ ಆರತಿಯ ಹೊತ್ತಿಗೆ ಅಲ್ಲೇ ಸಿಗುತ್ತದೆ.